ಐನ್‌ಸ್ಟೈನ್ ವಾದವನ್ನು ಪರೀಕ್ಷೆಗೆ ಇಟ್ಟ ವಿಜ್ಞಾನಿ: ಜಾನ್ ಬೆಲ್



ಬೆಲ್ ಅಂದ ಕೂಡಲೇ ನಮಗೆಲ್ಲ ನೆನಪಾಗುವುದು ಟೆಲಿಫೋನಿನ ಗ್ರಹಾಂ ಬೆಲ್. ನಾನು ಈ ಸಂಚಿಕೆಗೆ ಬರೆಯುತ್ತಿರುವುದು ಆ ಬೆಲ್ ಬಗ್ಗೆ ಅಲ್ಲ. ಇವರು ಜಾನ್ ಸ್ಟೀವರ್ಟ್ ಬೆಲ್. ಯಾವ ಯಂತ್ರವನ್ನೂ ಕಂಡುಹಿಡಿದು ಹೆಸರಾದವರಲ್ಲ. ಐನ್‌ಸ್ಟೈನ್ ಮತ್ತು ನೀಲ್ಸ್ ಬೋರ್ ಎಂಬ ಇಬ್ಬರು ಮಹಾ ವಿಜ್ಞಾನಿಗಳ ನಡುವೆ ಒಂದು ವಾದ ಇತ್ತು. ಸುಮಾರು 30 ವರ್ಷ ಅದು ಬಗೆಹರಿಯದೆ ಉಳಿದಿತ್ತು. ಅದನ್ನು ಬರೀ ಮಾತಿನಲ್ಲಲ್ಲ, ಪ್ರಯೋಗ ಮಾಡಿಯೇ ತೀರ್ಮಾನಿಸಬಹುದು ಅಂತ ತೋರಿಸಿಕೊಟ್ಟವರು ಈ ಬೆಲ್. ವಿಷಯ ಕಷ್ಟದ್ದು ಅಂತ ಹೆದರಬೇಡಿ. ಮಧ್ಯದಲ್ಲಿ ಒಂದು ಆಟ ಇದೆ, ಅದು ಗೊತ್ತಾದರೆ ಮುಕ್ಕಾಲು ಪಾಲು ಗೊತ್ತಾದ ಹಾಗೆ.

ಜನನ ಮತ್ತು ಬಾಲ್ಯ

ಬೆಲ್ ಅವರು 1928ನೇ ಇಸವಿ ಜುಲೈ 28ರಂದು ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್ ನಗರದಲ್ಲಿ ಜನಿಸಿದರು. ಟೈಟಾನಿಕ್ ಹಡಗು ಕಟ್ಟಿದ ಊರು ಅದು. ತಂದೆಯ ಹೆಸರೂ ಜಾನ್, ತಾಯಿಯ ಹೆಸರು ಆನಿ. ಮಗನನ್ನು ಮನೆಯಲ್ಲಿ ಸ್ಟೀವರ್ಟ್ ಅಂತ ಕರೆಯುತ್ತಿದ್ದರು. ಅನುಕೂಲಸ್ಥರ ಮನೆಯೇನೂ ಅಲ್ಲ. ನಾಲ್ಕು ಜನ ಮಕ್ಕಳು. ಎಲ್ಲರನ್ನೂ ಹೈಸ್ಕೂಲಿಗೆ ಕಳಿಸುವಷ್ಟು ದುಡ್ಡು ಇರಲಿಲ್ಲ. ಓದಿನಲ್ಲಿ ಮುಂದಿದ್ದ ಸ್ಟೀವರ್ಟ್ ಒಬ್ಬನನ್ನು ಮಾತ್ರ ಹೇಗೋ ಓದಿಸಿದರು. ಉಳಿದವರು ಚಿಕ್ಕ ವಯಸ್ಸಿಗೇ ಕೆಲಸಕ್ಕೆ ಸೇರಿದರು. ಇದನ್ನು ಓದುವಾಗ ನನಗೆ ನಮ್ಮ ಊರಿನ ಎಷ್ಟೋ ಮನೆಗಳು ಕಣ್ಣ ಮುಂದೆ ಬಂದವು. ಒಬ್ಬರು ಓದಬೇಕಾದರೆ ಇನ್ನೊಬ್ಬರು ದುಡಿಯಬೇಕು ಅನ್ನೋದು ನಮ್ಮಲ್ಲಿ ಮಾತ್ರ ಇರುವ ಕಷ್ಟ ಅಲ್ಲ.

ಹುಡುಗನಿಗೆ ಪುಸ್ತಕದ ಹುಚ್ಚು. ಗ್ರಂಥಾಲಯದಲ್ಲೇ ಹೊತ್ತು ಕಳೆಯುತ್ತಿದ್ದ. ಮನೆಯವರು ತಮಾಷೆಗೆ ಪ್ರೊಫೆಸರ್ ಅಂತ ಅಡ್ಡಹೆಸರು ಇಟ್ಟಿದ್ದರು. 11ನೇ ವಯಸ್ಸಿಗೇ ತಾನು ವಿಜ್ಞಾನಿ ಆಗುತ್ತೇನೆ ಅಂತ ತಾಯಿಗೆ ಹೇಳಿದ್ದನಂತೆ. ಸೇರಿದ್ದು ಬೆಲ್‌ಫಾಸ್ಟ್ ಟೆಕ್ನಿಕಲ್ ಹೈಸ್ಕೂಲು. ಅಲ್ಲಿ ಪಾಠಗಳ ಜೊತೆಗೆ ಇಟ್ಟಿಗೆ ಗೋಡೆ ಕಟ್ಟುವುದು, ಮರಗೆಲಸ, ಲೆಕ್ಕಪತ್ರ ಬರೆಯುವುದು ಕೂಡ ಕಲಿಸುತ್ತಿದ್ದರು.

ವಿದ್ಯಾಭ್ಯಾಸ ಮತ್ತು ನೌಕರಿ

16ನೇ ವಯಸ್ಸಿಗೆ, 1944ರಲ್ಲಿ ಹೈಸ್ಕೂಲು ಮುಗಿಯಿತು. ಕಾಲೇಜಿಗೆ ಸೇರಲು ವಯಸ್ಸು ಸಾಲದು. ಒಂದು ವರ್ಷ ಸುಮ್ಮನೆ ಕೂರುವ ಹಾಗೂ ಇಲ್ಲ. ಬೆಲ್‌ಫಾಸ್ಟಿನ ಕ್ವೀನ್ಸ್ ವಿಶ್ವವಿದ್ಯಾಲಯದ ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ಸಹಾಯಕನಾಗಿ ಸೇರಿಕೊಂಡರು. ಅಲ್ಲಿನ ಪ್ರಾಧ್ಯಾಪಕರು ಈ ಹುಡುಗನಿಗೆ ಪುಸ್ತಕ ಕೊಟ್ಟರು, ಮೊದಲ ವರ್ಷದ ಪಾಠಕ್ಕೆ ಬಂದು ಕೂರಲು ಬಿಟ್ಟರು. ಮಾರನೇ ವರ್ಷ ಅದೇ ಕಾಲೇಜಿನಲ್ಲಿ ವಿದ್ಯಾರ್ಥಿಯಾದರು. 1948ರಲ್ಲಿ ಪ್ರಾಯೋಗಿಕ ಭೌತಶಾಸ್ತ್ರದಲ್ಲಿ, 1949ರಲ್ಲಿ ಗಣಿತ ಭೌತಶಾಸ್ತ್ರದಲ್ಲಿ ಪದವಿ ಪಡೆದರು.

ಕಾಲೇಜಿನಲ್ಲಿ ಕ್ವಾಂಟಮ್ ಭೌತಶಾಸ್ತ್ರದ ಪಾಠ ಕೇಳುವಾಗಲೇ ಅವರಿಗೆ ಸಮಾಧಾನ ಇರಲಿಲ್ಲ. ಅಣು, ಪರಮಾಣು, ಬೆಳಕಿನ ಕಣ ಇವುಗಳ ನಡವಳಿಕೆ ಹೇಳುವ ಶಾಸ್ತ್ರ ಇದು. ಲೆಕ್ಕ ಸರಿಯಾಗಿ ಬರುತ್ತದೆ, ಆದರೆ ಒಳಗೆ ನಿಜವಾಗಿ ಏನು ನಡೆಯುತ್ತಿದೆ ಅಂತ ಯಾರೂ ಸ್ಪಷ್ಟವಾಗಿ ಹೇಳುತ್ತಿಲ್ಲ ಅಂತ ಗುರುಗಳ ಜೊತೆ ವಾದ ಮಾಡುತ್ತಿದ್ದರು.

1949ರಲ್ಲಿ ಇಂಗ್ಲೆಂಡಿನ ಹಾರ್ವೆಲ್ ಪರಮಾಣು ಸಂಶೋಧನಾ ಕೇಂದ್ರಕ್ಕೆ ಸೇರಿದರು. ಕಣಗಳನ್ನು ಅತಿ ವೇಗವಾಗಿ ಓಡಿಸುವ ವೇಗವರ್ಧಕ ಯಂತ್ರಗಳ ವಿನ್ಯಾಸ ಅವರ ಕೆಲಸ. ಅದೇ ಕೆಲಸದಲ್ಲಿದ್ದ ಮೇರಿ ರಾಸ್ ಎಂಬ ವಿಜ್ಞಾನಿಯನ್ನು 1954ರಲ್ಲಿ ಮದುವೆಯಾದರು. 1960ರಲ್ಲಿ ಇಬ್ಬರೂ ಸ್ವಿಟ್ಜರ್‌ಲೆಂಡಿನ ಜಿನೀವಾದಲ್ಲಿರುವ ಸರ್ನ್ ಸಂಸ್ಥೆಗೆ ಹೋದರು. ಕೊನೆಯವರೆಗೂ ಅಲ್ಲೇ ಇದ್ದರು. ಸಂಬಳದ ಕೆಲಸ ಕಣಗಳದ್ದು, ಯಂತ್ರಗಳದ್ದು. ಅವರನ್ನು ಜಗತ್ಪ್ರಸಿದ್ಧ ಮಾಡಿದ್ದು ಬಿಡುವಿನ ವೇಳೆಯಲ್ಲಿ ಮಾಡಿದ ಚಿಂತನೆ.

ಐನ್‌ಸ್ಟೈನ್ ಮತ್ತು ಬೋರ್ ವಾದ

ಆ ವಾದ ಏನು ಅಂತ ನೋಡೋಣ. ಎರಡು ಕಣಗಳು ಒಂದೇ ಕಡೆ ಒಟ್ಟಿಗೆ ಹುಟ್ಟಿ ದೂರ ದೂರ ಹೋಗುತ್ತವೆ ಅಂತ ಇಟ್ಟುಕೊಳ್ಳಿ. ಕ್ವಾಂಟಮ್ ಶಾಸ್ತ್ರದ ಪ್ರಕಾರ ಅವು ಹೆಣೆದುಕೊಂಡ ಜೋಡಿ. ಇದನ್ನೇ ಎಂಟ್ಯಾಂಗಲ್‌ಮೆಂಟ್ ಅಂತಾರೆ. ಒಂದನ್ನು ಅಳೆದರೆ ಇನ್ನೊಂದನ್ನು ಅಳೆದಾಗ ಏನು ಸಿಗುತ್ತದೆ ಅಂತ ಇಲ್ಲೇ ಕೂತು ಹೇಳಬಹುದು, ಅದು ಎಷ್ಟೇ ದೂರ ಇರಲಿ.

ಇದರಲ್ಲಿ ಆಶ್ಚರ್ಯ ಏನು? ಸರ್ನ್‌ನಲ್ಲಿ ಬೆಲ್ ಅವರ ಸಹೋದ್ಯೋಗಿ ಬರ್ಟಲ್‌ಮನ್ ಅಂತ ಒಬ್ಬರಿದ್ದರು. ಅವರು ಎರಡು ಕಾಲಿಗೂ ಬೇರೆ ಬೇರೆ ಬಣ್ಣದ ಕಾಲುಚೀಲ ಹಾಕುವ ಆಸಾಮಿ. ಬಾಗಿಲಲ್ಲಿ ಅವರ ಒಂದು ಕಾಲು ಕಂಡು ಅದರಲ್ಲಿ ಗುಲಾಬಿ ಬಣ್ಣದ ಚೀಲ ಇದ್ದರೆ, ಇನ್ನೊಂದು ಕಾಲಿನದು ಗುಲಾಬಿ ಅಲ್ಲ ಅಂತ ನೋಡದೆಯೇ ಹೇಳಬಹುದು. ಇದರಲ್ಲಿ ಮಾಯ ಮಂತ್ರ ಇಲ್ಲ. ಬೆಳಿಗ್ಗೆ ಹಾಕಿಕೊಳ್ಳುವಾಗಲೇ ಅದು ತೀರ್ಮಾನ ಆಗಿತ್ತು. 1981ರಲ್ಲಿ ಬೆಲ್ ಈ ಕಾಲುಚೀಲಗಳ ಹೆಸರಿನಲ್ಲೇ ಒಂದು ಲೇಖನ ಪ್ರಕಟಿಸಿದರು.

1935ರಲ್ಲಿ ಐನ್‌ಸ್ಟೈನ್, ಪೊಡೊಲ್‌ಸ್ಕಿ, ರೋಸೆನ್ ಮೂವರೂ ಸೇರಿ ಮಾಡಿದ ವಾದ ಹೆಚ್ಚುಕಡಿಮೆ ಹೀಗೇ ಇತ್ತು. ಕಣಗಳು ಹೊರಡುವಾಗಲೇ ಉತ್ತರ ಇಟ್ಟುಕೊಂಡೇ ಹೊರಟಿರುತ್ತವೆ, ನಮ್ಮ ಶಾಸ್ತ್ರಕ್ಕೆ ಅದು ಕಾಣುತ್ತಿಲ್ಲ, ಹಾಗಾಗಿ ಶಾಸ್ತ್ರವೇ ಅಪೂರ್ಣ ಅಂತ. ಬೋರ್ ಒಪ್ಪಲಿಲ್ಲ. ಹೇಗೆ ಅಳೆಯುತ್ತೇವೆ ಅನ್ನುವುದನ್ನು ಬಿಟ್ಟು ಬರೀ ಕಣದ ಉತ್ತರ ಅಂತ ಮಾತಾಡುವುದಕ್ಕೆ ಅರ್ಥವೇ ಇಲ್ಲ ಅನ್ನುವುದು ಅವರ ನಿಲುವು. ಯಾರು ಸರಿ ಅಂತ ತಿಳಿಯುವ ದಾರಿ ಯಾರಿಗೂ ಕಂಡಿರಲಿಲ್ಲ. ಬಹಳ ವಿಜ್ಞಾನಿಗಳು ಅದೊಂದು ವೇದಾಂತದ ಚರ್ಚೆ ಅಂತ ಬಿಟ್ಟುಬಿಟ್ಟರು. ಬೆಲ್ ಬಿಡಲಿಲ್ಲ. 1963-64ರಲ್ಲಿ ಒಂದು ವರ್ಷ ರಜೆ ಸಿಕ್ಕಿ ಅಮೆರಿಕಕ್ಕೆ ಹೋಗಿದ್ದಾಗ ಅದರ ದಾರಿ ಹೊಳೆಯಿತು.

ಬೆಲ್ ಅವರ ಆಟ

ಬೆಲ್ ಬರೆದದ್ದು ಗಣಿತದಲ್ಲಿ. ಮುಂದೆ ಬೇರೆಯವರು ಅದನ್ನು ಸುಲಭ ಮಾಡಿದರು. ನಾನು ಅದನ್ನೇ ನಮ್ಮ ಶಾಲೆಗೆ ಹೊಂದುವ ಹಾಗೆ ಹೇಳುತ್ತೇನೆ.

ಅಕ್ಕ ಒಂದು ಕೊಠಡಿಯಲ್ಲಿ, ತಮ್ಮ ಇನ್ನೊಂದು ಕೊಠಡಿಯಲ್ಲಿ ಕೂರಲಿ. ಒಬ್ಬರಿಗೊಬ್ಬರು ಕಾಣಬಾರದು, ಕೇಳಿಸಬಾರದು. ಎರಡೂ ಕಡೆ ಒಬ್ಬೊಬ್ಬ ಮೇಷ್ಟ್ರು ನಾಣ್ಯ ಚಿಮ್ಮಿ ಕೆಂಪು ಚೀಟಿ ಅಥವಾ ಹಸಿರು ಚೀಟಿ ಕೊಡುತ್ತಾರೆ. ಚೀಟಿ ನೋಡಿ ಹೌದು ಅಥವಾ ಇಲ್ಲ ಅಂತ ಹೇಳಬೇಕು. ಇಬ್ಬರಿಗೂ ಕೆಂಪು ಬಂದರೆ ಇಬ್ಬರ ಉತ್ತರ ಬೇರೆ ಬೇರೆ ಇರಬೇಕು. ಬೇರೆ ಹೇಗೆ ಬಂದರೂ ಉತ್ತರ ಒಂದೇ ಇರಬೇಕು. ಹಾಗಾದರೆ ಗೆಲುವು. ಆಟಕ್ಕೆ ಮುಂಚೆ ಎಷ್ಟು ಬೇಕಾದರೂ ಮಾತಾಡಿಕೊಳ್ಳಲಿ, ಆಮೇಲೆ ಮಾತಿಲ್ಲ.

ಎಷ್ಟು ಸಲ ಗೆಲ್ಲಬಹುದು? ಇಬ್ಬರೂ ಯಾವಾಗಲೂ ಹೌದು ಅಂತಲೇ ಹೇಳಿದರೆ ನಾಲ್ಕರಲ್ಲಿ ಮೂರು ಸಲ ಗೆಲ್ಲುತ್ತಾರೆ. ಇದಕ್ಕಿಂತ ಜಾಣ ಉಪಾಯ ಇದೆಯಾ? ಇಲ್ಲ. ಯಾಕೆ ಅಂದರೆ, ಅಕ್ಕನ ಹಸಿರಿನ ಉತ್ತರ ತಮ್ಮನ ಹಸಿರಿಗೂ ಕೆಂಪಿಗೂ ಸರಿಹೊಂದಬೇಕು. ಅಕ್ಕನ ಕೆಂಪಿನ ಉತ್ತರ ತಮ್ಮನ ಹಸಿರಿಗೆ ಸರಿಹೊಂದಬೇಕು. ಅಲ್ಲಿಗೆ ನಾಲ್ಕೂ ಉತ್ತರ ಒಂದೇ ಆಯಿತು. ಆದರೆ ಕೆಂಪು ಕೆಂಪು ಬಂದಾಗ ಬೇರೆ ಇರಬೇಕಲ್ಲ? ಆಗುವುದಿಲ್ಲ. ಆದ್ದರಿಂದ ಉತ್ತರ ಮೊದಲೇ ಗೊತ್ತು ಮಾಡಿಕೊಂಡು ಆಡುವವರು ಬಹಳ ಸಲ ಆಡಿದರೆ 100ಕ್ಕೆ 75ರ ಮೇಲೆ ಹೋಗಲಾರರು.

ಈಗ ಅಕ್ಕ ತಮ್ಮಂದಿರ ಕೈಗೆ ಹೆಣೆದುಕೊಂಡ ಬೆಳಕಿನ ಕಣ, ಅಂದರೆ ಫೋಟಾನ್, ಒಂದೊಂದು ಕೊಡಿ. ಚೀಟಿಯ ಬಣ್ಣದ ಪ್ರಕಾರ ಪೋಲರಾಯ್ಡ್ ಗಾಜನ್ನು ಬೇರೆ ಬೇರೆ ಕೋನದಲ್ಲಿ ಹಿಡಿಯಬೇಕು. ಅಕ್ಕ ಹಸಿರಿಗೆ 0 ಡಿಗ್ರಿ, ಕೆಂಪಿಗೆ 45 ಡಿಗ್ರಿ. ತಮ್ಮ ಹಸಿರಿಗೆ 22.5 ಡಿಗ್ರಿ, ಕೆಂಪಿಗೆ ಅಷ್ಟೇ ಕೋನ ಆಚೆ ಬದಿಗೆ. ಕಣ ದಾಟಿದರೆ ಹೌದು, ದಾಟದಿದ್ದರೆ ಇಲ್ಲ. ಕ್ವಾಂಟಮ್ ಲೆಕ್ಕದ ಪ್ರಕಾರ ಆಗ 100ಕ್ಕೆ ಸುಮಾರು 85 ಸಲ ಗೆಲ್ಲುತ್ತಾರೆ!

75 ಮತ್ತು 85. ಇಷ್ಟೇ ವ್ಯತ್ಯಾಸ. ಕಣಗಳು ಕಾಲುಚೀಲದ ಹಾಗೆ ಇದ್ದರೆ 75 ದಾಟಬಾರದು. ದಾಟಿದರೆ, ಉತ್ತರ ಮೊದಲೇ ಇತ್ತು ಅನ್ನುವುದು ಮತ್ತು ದೂರದಲ್ಲಿ ಮಾಡಿದ್ದು ಇಲ್ಲಿಗೆ ತಕ್ಷಣ ತಟ್ಟದು ಅನ್ನುವುದು, ಇವೆರಡನ್ನೂ ಒಟ್ಟಿಗೆ ಇಟ್ಟುಕೊಳ್ಳಲು ಬರುವುದಿಲ್ಲ. ಒಂದು ಎಚ್ಚರ: ಇದರಿಂದ ಅಕ್ಕ ತಮ್ಮನಿಗೆ ಸುದ್ದಿ ಕಳಿಸಬಹುದು ಅಂತ ತಿಳಿಯಬೇಡಿ. ಒಬ್ಬೊಬ್ಬರ ಉತ್ತರ ಮಾತ್ರ ನೋಡಿದರೆ ಅದು ನಾಣ್ಯ ಚಿಮ್ಮಿದ ಹಾಗೇ ಇರುತ್ತದೆ. ಎರಡೂ ಪಟ್ಟಿ ಪಕ್ಕ ಪಕ್ಕ ಇಟ್ಟು ನೋಡಿದರೆ ಮಾತ್ರ ಹೊಂದಾಣಿಕೆ ಕಾಣುತ್ತದೆ.

ಬೆಲ್ ಅವರ ಮನಸ್ಸು ಇದ್ದದ್ದು ಐನ್‌ಸ್ಟೈನ್ ಕಡೆಗೆ. ಆದರೂ ಐನ್‌ಸ್ಟೈನ್ ಸೋಲಬಹುದಾದ ಪರೀಕ್ಷೆಯನ್ನು ಅವರೇ ಸಿದ್ಧ ಮಾಡಿದರು. ನನಗೆ ಅವರ ಮೇಲೆ ಗೌರವ ಹೆಚ್ಚಿದ್ದು ಇದೇ ಕಾರಣಕ್ಕೆ.

1964ರ ನವೆಂಬರ್ 4ರಂದು ಆ ಲೇಖನ ಪತ್ರಿಕೆಯ ಕೈ ಸೇರಿತು. ದೊಡ್ಡ ಪತ್ರಿಕೆಗಳಲ್ಲಿ ಲೇಖಕರೇ ಪುಟಕ್ಕೆ ಇಷ್ಟು ಅಂತ ಹಣ ಕಟ್ಟಬೇಕಿತ್ತು. ಅತಿಥಿಯಾಗಿ ಹೋದವರು ಅದನ್ನು ಅಲ್ಲಿನವರ ಹತ್ತಿರ ಕೇಳಲು ಸಂಕೋಚಪಟ್ಟು, ಹಣ ಕೇಳದ ಒಂದು ಹೊಸ ಪತ್ರಿಕೆಗೆ ಕೊಟ್ಟರು. ಆ ಪತ್ರಿಕೆ ಕೆಲವೇ ವರ್ಷಗಳಲ್ಲಿ ನಿಂತುಹೋಯಿತು. ಕೆಲವು ವರ್ಷ ಲೇಖನವನ್ನು ಹೆಚ್ಚಿನವರು ಗಮನಿಸಲೇ ಇಲ್ಲ.

ಅಳತೆಯ ಕೊರತೆ

1969ರಲ್ಲಿ ಅಮೆರಿಕದ ಜಾನ್ ಕ್ಲೌಸರ್ ಎಂಬ ಯುವಕ ಬೆಲ್ ಅವರಿಗೆ ಪತ್ರ ಬರೆದರು. ಪ್ರಯೋಗ ಮಾಡುತ್ತೇನೆ ಅಂದರು. ಬೆಲ್ ಸಂತೋಷದಿಂದ ಉತ್ತೇಜನ ಕೊಟ್ಟು ಉತ್ತರಿಸಿದರು. 1972ರಲ್ಲಿ ಕ್ಲೌಸರ್ ಮತ್ತು ಫ್ರೀಡ್‌ಮನ್ ಬರ್ಕ್ಲಿಯಲ್ಲಿ ಕ್ಯಾಲ್ಸಿಯಂ ಪರಮಾಣುಗಳಿಂದ ಹೊರಟ ಜೋಡಿ ಫೋಟಾನ್ ಬಳಸಿ ಪ್ರಯೋಗ ಮುಗಿಸಿದರು. ಫಲಿತಾಂಶ ಕ್ವಾಂಟಮ್ ಕಡೆಗೇ ಬಂತು. ಐನ್‌ಸ್ಟೈನ್ ವಾದ ಸೋಲುವ ಲಕ್ಷಣ.

ಆದರೆ ಎರಡು ಕಳ್ಳದಾರಿ ಉಳಿದಿದ್ದವು. ಮೊದಲನೆಯದು, ಕೋನ ಮೊದಲೇ ಇಟ್ಟುಬಿಟ್ಟರೆ ಒಂದು ಕಡೆಯ ಸುದ್ದಿ ಇನ್ನೊಂದು ಕಡೆಗೆ ಹೇಗೋ ಸೋರಿರಬಹುದು. ಇದನ್ನು ಮುಚ್ಚಲು ಹೊರಟವರು ಫ್ರಾನ್ಸಿನ ಅಲೆನ್ ಆಸ್ಪೆ. 1975ರಲ್ಲಿ ಜಿನೀವಾಕ್ಕೆ ಹೋಗಿ ಬೆಲ್ ಅವರನ್ನು ಕಂಡರು. ಬೆಲ್ ಮೊದಲು ವಿಚಾರಿಸಿದ್ದು ಆಸ್ಪೆ ಅವರ ಕೆಲಸ ಕಾಯಂ ಆಗಿದೆಯಾ ಅಂತ! ಇಂಥ ವಿಷಯ ಹಿಡಿದ ಹುಡುಗರನ್ನು ಆಗ ಯಾರೂ ಕೆಲಸಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ, ಆ ಕಾಳಜಿ ಅದು. 1982ರ ಆಸ್ಪೆ ಪ್ರಯೋಗದಲ್ಲಿ ಎರಡು ಅಳತೆಯ ಜಾಗಗಳ ನಡುವೆ 12 ಮೀಟರ್ ದೂರ. ಬೆಳಕು ಅಷ್ಟು ದೂರ ಹೋಗಲು ಸೆಕೆಂಡಿನ 10 ಕೋಟಿಯಲ್ಲಿ 4 ಭಾಗ ಬೇಕು. ಅವರ ಸ್ವಿಚ್ಚು ಅದಕ್ಕಿಂತ ಬೇಗ ಬದಲಾಗುತ್ತಿತ್ತು. ಆಗಲೂ ಕ್ವಾಂಟಮ್ ಗೆದ್ದಿತು.

ಎರಡನೆಯ ಕಳ್ಳದಾರಿ ಇನ್ನೂ ಸ್ವಾರಸ್ಯ. ಫೋಟಾನ್ ಹಿಡಿಯುವ ಡಿಟೆಕ್ಟರ್ ಎಲ್ಲವನ್ನೂ ಹಿಡಿಯುತ್ತಿರಲಿಲ್ಲ. ಹೆಚ್ಚಿನವು ತಪ್ಪಿಸಿಕೊಳ್ಳುತ್ತಿದ್ದವು. ಸಿಕ್ಕ ಜೋಡಿಗಳನ್ನು ಮಾತ್ರ ಲೆಕ್ಕ ಹಾಕುತ್ತಿದ್ದರು. ಇದರಲ್ಲಿ ಏನು ತಪ್ಪು ಅನ್ನುತ್ತೀರಾ? ನಮ್ಮ ಆಟಕ್ಕೇ ಬನ್ನಿ. ಅಕ್ಕನಿಗೆ ಸುಮ್ಮನಿರಲು ಅವಕಾಶ ಇದೆ, ಸುಮ್ಮನಿದ್ದ ಆಟವನ್ನು ಲೆಕ್ಕದಿಂದ ಬಿಡುತ್ತಾರೆ ಅಂತ ಇಟ್ಟುಕೊಳ್ಳಿ. ಅಕ್ಕ ತಮ್ಮ ಮೊದಲೇ ಮಾತಾಡಿಕೊಳ್ಳುತ್ತಾರೆ: ಈ ಸಲ ಅಕ್ಕನಿಗೆ ಕೆಂಪು ಬಂದರೆ ಮಾತ್ರ ಬಾಯಿ ಬಿಡುವುದು, ಹಸಿರು ಬಂದರೆ ಮೌನ. ಈಗ ಲೆಕ್ಕಕ್ಕೆ ಬರುವ ಆಟದಲ್ಲಿ ಅಕ್ಕನ ಚೀಟಿ ಯಾವುದು ಅಂತ ತಮ್ಮನಿಗೆ ಗೊತ್ತೇ ಇರುತ್ತದೆ! ಅಕ್ಕ ಹೌದು ಅನ್ನುತ್ತಾಳೆ. ತಮ್ಮ ತನಗೆ ಕೆಂಪು ಬಂದರೆ ಇಲ್ಲ, ಹಸಿರು ಬಂದರೆ ಹೌದು ಅಂದರೆ ಆಯಿತು. ಮುಂದಿನ ಸಲ ಅಕ್ಕ ಹಸಿರಿಗೆ ಮಾತ್ರ ಬಾಯಿ ಬಿಡುವುದು, ಆಗ ತಮ್ಮ ಯಾವ ಚೀಟಿಗೂ ಹೌದು. ಹೀಗೆ ಬದಲಿಸುತ್ತಾ ಹೋದರೆ ಲೆಕ್ಕಕ್ಕೆ ಬಂದ ಎಲ್ಲ ಆಟವೂ ಗೆಲುವೇ. 75 ಅಲ್ಲ, 85 ಅಲ್ಲ, 100ಕ್ಕೆ 100! ಅರ್ಧ ಆಟದಲ್ಲಿ ಮೌನ, ಉಳಿದದ್ದರಲ್ಲಿ ಪೂರ್ತಿ ಗೆಲುವು. ಒಳಗೆ ಕ್ವಾಂಟಮ್ಮೂ ಇಲ್ಲ ಏನೂ ಇಲ್ಲ.

ಇದು ನಮಗೆ ಅರ್ಥವಾಗದ ಮಾತೇನಲ್ಲ. ಓದಿನಲ್ಲಿ ಹಿಂದಿರುವ ಮಕ್ಕಳನ್ನು ಪರೀಕ್ಷೆಗೆ ಕೂರಿಸದೆ ಮನೆಗೆ ಕಳಿಸಿ, ಕೂತವರನ್ನು ಮಾತ್ರ ಲೆಕ್ಕ ಹಾಕಿದರೆ ಯಾವ ಶಾಲೆಯ ರಿಸಲ್ಟಾದರೂ 100ಕ್ಕೆ 100 ಬರುತ್ತದೆ. ಬೋರ್ಡಿನ ಮೇಲೆ ಬರೆದ ಅಂಕಿ ಸುಳ್ಳಲ್ಲ. ಬಿಟ್ಟವರು ಎಷ್ಟು ಜನ ಅನ್ನುವುದು ಮಾತ್ರ ಅದರಲ್ಲಿ ಇರುವುದಿಲ್ಲ.

ಕಣಗಳು ಹೀಗೆ ಮೋಸ ಮಾಡುತ್ತವೆ ಅಂತ ಬೆಲ್ ನಂಬಿರಲಿಲ್ಲ. ಕೆಟ್ಟ ಡಿಟೆಕ್ಟರಿನಲ್ಲೇ ಇಷ್ಟು ಸರಿಯಾಗಿ ಬರುವ ಶಾಸ್ತ್ರ, ಒಳ್ಳೆಯದು ತಂದಾಗ ದಿಢೀರನೆ ತಪ್ಪುತ್ತದೆ ಅನ್ನುವುದು ಕಷ್ಟ ಅನ್ನುವುದು ಅವರ ಅಭಿಪ್ರಾಯ. ಆದರೆ ನಂಬಿಕೆ ಬೇರೆ, ಸಾಬೀತು ಬೇರೆ. ಡಿಟೆಕ್ಟರ್ ಎಷ್ಟು ಚೆನ್ನಾಗಿದ್ದರೆ ಸಾಕು ಅಂತ ವಿಜ್ಞಾನಿಗಳು ಲೆಕ್ಕ ಹಾಕಿದರು. ಪೂರ್ತಿ ಹೆಣೆದ ಜೋಡಿಗೆ 100ರಲ್ಲಿ ಸುಮಾರು 83ನ್ನಾದರೂ ಹಿಡಿಯಬೇಕು. 1993ರಲ್ಲಿ ಎಬರ್‌ಹಾರ್ಡ್ ಎಂಬ ವಿಜ್ಞಾನಿ ಒಂದು ವಿಚಿತ್ರ ಕಂಡುಹಿಡಿದರು. ಸ್ವಲ್ಪ ಸಡಿಲವಾಗಿ ಹೆಣೆದ ಜೋಡಿ ಬಳಸಿದರೆ ಮೂರರಲ್ಲಿ ಎರಡಕ್ಕಿಂತ ಸ್ವಲ್ಪ ಹೆಚ್ಚು ಹಿಡಿದರೂ ಸಾಕು. ಅಂದರೆ ಸಾಧನದಲ್ಲಿ ಕೊರತೆ ಇದ್ದಾಗ ಎಲ್ಲಕ್ಕಿಂತ ಬಲವಾದ ಜೋಡಿಯೇ ಒಳ್ಳೆಯದು ಅಂತ ಇಲ್ಲ!

ನಿಧನ ಮತ್ತು ಆಮೇಲಿನ ಗೆಲುವು

ಇದನ್ನೆಲ್ಲ ನೋಡಲು ಬೆಲ್ ಉಳಿಯಲಿಲ್ಲ. 1990ರ ಅಕ್ಟೋಬರ್ 1ರಂದು ಜಿನೀವಾದಲ್ಲಿ ಮೆದುಳಿನಲ್ಲಿ ರಕ್ತಸ್ರಾವವಾಗಿ ತೀರಿಕೊಂಡರು. ಆಗ ಅವರಿಗೆ 62 ವರ್ಷ.

25 ವರ್ಷದ ನಂತರ, 2015ರಲ್ಲಿ ಹಾಲೆಂಡಿನ ಡೆಲ್ಫ್ಟ್ ಎಂಬ ಊರಿನಲ್ಲಿ ಎರಡೂ ಕಳ್ಳದಾರಿಯನ್ನು ಒಟ್ಟಿಗೆ ಮುಚ್ಚಿದರು. 1.3 ಕಿಲೋಮೀಟರ್ ದೂರದ ಎರಡು ಪ್ರಯೋಗಾಲಯದಲ್ಲಿ ಒಂದೊಂದು ವಜ್ರದ ಹರಳು, ಅದರೊಳಗೆ ಒಂದೊಂದು ಎಲೆಕ್ಟ್ರಾನ್. ಜೋಡಿ ಸಿದ್ಧವಾಯಿತು ಅಂತ ನಡುವಿನ ಮೂರನೇ ಕೇಂದ್ರ ಸೂಚನೆ ಕೊಟ್ಟ ಆಟಗಳೇ ಲೆಕ್ಕಕ್ಕೆ, ಆದರೆ ಸೂಚನೆ ಬಂದ ಮೇಲೆ ಒಂದನ್ನೂ ಬಿಡುವ ಹಾಗಿಲ್ಲ. ಪ್ರತಿಯೊಂದಕ್ಕೂ ಎರಡೂ ಕಡೆಯಿಂದ ಉತ್ತರ ಬರಲೇಬೇಕು. ಇಂಥ ಏರ್ಪಾಟಿನ ಬಗ್ಗೆ ಬೆಲ್ ಅವರೇ ಹಿಂದೆ ಬರೆದಿದ್ದರು. 18 ದಿನದಲ್ಲಿ 220 ಗಂಟೆ ಕಾದು ಸಿಕ್ಕಿದ್ದು ಬರೀ 245 ಆಟ, ಗಂಟೆಗೆ ಒಂದು ಲೆಕ್ಕ. ಅದರಲ್ಲಿ ಗೆದ್ದದ್ದು 196. ಅಂದರೆ 100ಕ್ಕೆ 80. ಸಾಧನದ ಕೊರತೆಯಿಂದ 85 ಇದ್ದದ್ದು 80ಕ್ಕೆ ಇಳಿದಿತ್ತು, ಆದರೂ 75ರ ಗೆರೆ ದಾಟಿತ್ತು. ಉತ್ತರ ಮೊದಲೇ ಗೊತ್ತು ಮಾಡಿಕೊಂಡವರು ಅದೃಷ್ಟದಿಂದ ಇಷ್ಟು ಗೆಲ್ಲುವ ಸಾಧ್ಯತೆ 100ಕ್ಕೆ 4. ಅದೇ ವರ್ಷ ವಿಯೆನ್ನಾ ಮತ್ತು ಅಮೆರಿಕದ ಬೌಲ್ಡರ್‌ನಲ್ಲಿ ಉತ್ತಮ ಡಿಟೆಕ್ಟರ್ ಬಳಸಿ ಫೋಟಾನ್ ಪ್ರಯೋಗ ಮಾಡಿದವರು ಆ ಅನುಮಾನವನ್ನೂ ಬಹಳ ಕಡಿಮೆ ಮಾಡಿದರು.

2022ರಲ್ಲಿ ಕ್ಲೌಸರ್, ಆಸ್ಪೆ ಮತ್ತು ಆಸ್ಟ್ರಿಯಾದ ಜೈಲಿಂಗರ್ ಮೂವರಿಗೂ ನೊಬೆಲ್ ಪ್ರಶಸ್ತಿ ಬಂತು. ತೀರಿಕೊಂಡವರಿಗೆ ನೊಬೆಲ್ ಕೊಡುವುದಿಲ್ಲ. ಆದರೂ ಬಹುಮಾನದ ಪ್ರಕಟಣೆಯಲ್ಲಿ ಬೆಲ್ ಹೆಸರು ಇತ್ತು. ಅವರ ಹುಟ್ಟೂರಿನಲ್ಲಿ ಒಂದು ರಸ್ತೆಗೆ ಹೆಸರಿಡಬೇಕು ಅಂತಾದಾಗ, ವ್ಯಕ್ತಿಗಳ ಹೆಸರು ಇಡುವ ಪದ್ಧತಿ ಅಲ್ಲಿ ಇಲ್ಲದ್ದರಿಂದ ಅವರ ಪ್ರಮೇಯದ ಹೆಸರು ಇಟ್ಟರು. ಪ್ರಮೇಯದ ಹೆಸರಿನ ರಸ್ತೆ! ನಮ್ಮ ಪೈಥಾಗೊರಸ್ ಪ್ರಮೇಯಕ್ಕೆ ಇಂಥ ಯೋಗ ಇದೆಯೋ ಇಲ್ಲವೋ.

ಇದರಿಂದ ಏನು ಉಪಯೋಗ ಅಂತ ಕೇಳುವವರಿಗೆ ಒಂದು ಮಾತು. ಹೆಣೆದ ಜೋಡಿಗಳಿಂದ ಗುಟ್ಟಿನ ಸಂದೇಶಕ್ಕೆ ಕೀಲಿ ಮಾಡುವ ಕೆಲಸ ನಡೆಯುತ್ತಿದೆ. ನಮ್ಮ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲೂ ಇಂಥ ಪ್ರಯೋಗಗಳು ಆಗುತ್ತಿವೆ. ಅಲ್ಲಿಯೂ ಬೆಲ್ ಆಟವೇ ಕಾವಲುಗಾರ. ತಪ್ಪಿಸಿಕೊಂಡ ಕಣಗಳನ್ನು ಲೆಕ್ಕದಿಂದ ಬಿಟ್ಟರೆ ಕಳ್ಳನೂ 75ರ ಗೆರೆ ದಾಟಿ ತೋರಿಸಬಲ್ಲ.

ನಾವು ಕಲಿಯಬೇಕಾದದ್ದು

ಬೆಲ್ ಅವರ ಜೀವನದಿಂದ ನಾನು ತಿಳಿದದ್ದು ಎರಡು. ನಮಗೆ ಇಷ್ಟವಾದ ಮಾತನ್ನೇ ಮೊದಲು ಪರೀಕ್ಷೆಗೆ ಇಡಬೇಕು. ಲೆಕ್ಕ ಹಾಕುವಾಗ ಬಂದವರ ಜೊತೆ ಬಾರದವರನ್ನೂ ಎಣಿಸಬೇಕು.

ಗೆಳೆಯರೇ, ಊಟದ ಬಿಡುವಿನಲ್ಲಿ ಕೆಂಪು ಹಸಿರು ಚೀಟಿ ಮಾಡಿಕೊಂಡು ಈ ಆಟ ಆಡಿ ನೋಡಿ. ನೂರು ಸಲ ಆಡಿದರೆ ಚೆನ್ನ, ಕಡಿಮೆ ಆಡಿದರೆ ಅದೃಷ್ಟದಿಂದಲೂ ಹೆಚ್ಚು ಬರಬಹುದು. ಪತ್ರಿಕೆಯ ಕೆಳಗೆ ಖಾಲಿ ಹಾಳೆ ಅಂಟಿಸಿದ್ದೇನೆ. ನಿಮ್ಮ ಜೋಡಿಯ ಅಂಕ ಅದರಲ್ಲಿ ಬರೆಯಿರಿ. ಸುಮ್ಮನೆ ಕೂತ ಆಟವನ್ನು ಸೋಲು ಅಂತಲೇ ಬರೆಯಬೇಕು.